ಕೌದಿಯೊಳಗಿನ ಕ್ಯಾಮೆರಾ

ಕ್ಯಾಮೆರಾಕ್ಕೆಂದೇ ಮಾಡಿದ ಕರಿಯ ಚೀಲ ಹೆಗಲಿಗೇರಿತೆಂದರೆ ನಮ್ಮ ಕಡೆಯ ಹಳ್ಳಿಗಳಲ್ಲಿ ಎದುರಿನವರ ಮುಖ ಬದಲಾಗುತ್ತದೆ. ಕಟ್ಟೆಯ ಮೇಲೆ ಕಾಲು ಚಾಚಿ ಕೂತ ಹಿರಿಯರು ಕಾಲು ಮಡಚಿಕೊಳ್ಳುತ್ತಾರೆ. ರೊಟ್ಟಿ ಬಡಿಯುತ್ತಿದ್ದ ಅಕ್ಕ ಕೈ ತೊಳೆದು ಸೆರಗು ಸರಿಮಾಡಿಕೊಳ್ಳುತ್ತಾಳೆ. ಪೇಪರಿನವರೋ, ಸರ್ವೇಕ್ಕೆ ಬಂದವರೋ ಎಂಬ ಅನುಮಾನ ಬೇರೆ. ಅದೇ ಹೆಗಲಿನಲ್ಲಿ ಸಂತೆಗೆ ಒಯ್ಯುವ ಚೀಲವಿದ್ದರೆ "ಬರ್ರಿ, ನೀರ ಕುಡೀರಿ" ಅನ್ನುತ್ತಾರೆ. ಮೊದಲು ಮಾತು, ಆಮೇಲೆ "ಒಂದು ಫೋಟೋ ತಗೀಲೇನ್ರಿ?" ಎಂಬ ಕೇಳಿಕೆ, ಅವರು ಹೂಂ ಅಂದರೆ ಚಿತ್ರ. ಈ ಕ್ರಮ ನನಗೆ ಬಹಳ ಮುಖ್ಯ. ಅದಕ್ಕಾಗಿಯೇ ಸಾದಾ ಚೀಲದೊಳಗೆ ಇಡುವ ಮೆತ್ತನೆಯ ಗೂಡೊಂದನ್ನು ಮನೆಯಲ್ಲೇ ಮಾಡಿಕೊಳ್ಳಬೇಕೆಂದುಕೊಂಡೆ.

ನನ್ನದು ಸಾಧಾರಣ ಸಾಮಾನು: ಕ್ಯಾನನ್ 200ಡಿ, ಜೊತೆಗೆ ಬಂದ 18-55 ಮಿ.ಮೀ. ಲೆನ್ಸು, ಇನ್ನೊಂದು 50 ಮಿ.ಮೀ. ಲೆನ್ಸು. ಎಲ್ಲ ಸೇರಿ ಒಂದು ಕಿಲೋ ತೂಗುವುದಿಲ್ಲ. ಆದರೆ ಸಿಂದಗಿಯಿಂದ ದೇವರಹಿಪ್ಪರಗಿ ಹಾಯ್ದು ಬಸವನಬಾಗೇವಾಡಿಗೆ, ಮತ್ತೆ ಮುದ್ದೇಬಿಹಾಳಕ್ಕೆ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತು ಹೋಗುವವನಿಗೆ ಈ ಹಗುರ ಸಾಮಾನನ್ನು ಕಾಯುವುದೇ ಒಂದು ಕೆಲಸ. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಎರಿ ಹೊಲದ ಧೂಳು ಝಿಪ್ಪಿನ ಹಲ್ಲಿನೊಳಗೂ ನುಸುಳುತ್ತದೆ. 1855ರಲ್ಲಿ ಬಾಂಬೆ ಫಿರಂಗಿ ಪಡೆಯ ಥಾಮಸ್ ಬಿಗ್ಸ್ ಬಿಜಾಪುರ, ಬಾದಾಮಿ, ಐಹೊಳೆಗಳ ಕಟ್ಟಡಗಳನ್ನು ಕಾಗದದ ನೆಗೆಟಿವಿನ ಮೇಲೆ ಸೆರೆಹಿಡಿಯಲು ಬಂದಾಗಲೂ ಬಿಸಿಲು, ಧೂಳು ಇವೇ ಇದ್ದವು. ಈ ನೆಲದ ಚಿತ್ರ ತೆಗೆಯುವವರೆಲ್ಲ ಮೊದಲು ಈ ನೆಲದಿಂದ ತಮ್ಮ ಸಾಮಾನು ಕಾಯ್ದುಕೊಳ್ಳಬೇಕು.

ಹೇಗೆ ಕಾಯುವುದೆಂದು ನಾನು ಕೇಳಿದ್ದು ಸಿಂದಗಿಯ ನಮ್ಮ ದೊಡ್ಡವ್ವನನ್ನು. ಆಕೆ ಕೌದಿ ಹೊಲಿಯುವವಳು. ಹಳೆಯ ಪತ್ತಲ, ಧೋತರ, ಹರಿದ ಅಂಗಿ ಯಾವುದನ್ನೂ ಬಿಸಾಡದೆ ಗಂಟು ಕಟ್ಟಿಟ್ಟು, ಪದರದ ಮೇಲೆ ಪದರ ಹಾಸಿ, ಸಾಲು ಹಿಡಿದು ಟಾಕು ಹಾಕುತ್ತಾ ಹೋಗುವುದು ನಮ್ಮ ಕಡೆ ಹೆಣ್ಣುಮಕ್ಕಳಿಗೆ ಬೇಸಿಗೆಯ ಕೆಲಸ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳಗಳ ಸಿದ್ದಿ ಹೆಣ್ಣುಮಕ್ಕಳೂ ಇಂಥದನ್ನೇ ಹೊಲಿಯುತ್ತಾರೆ. ಅವರು ಮೂಲೆಯಿಂದ ಶುರುಮಾಡಿ ಅಂಚು ಹಿಡಿದು ಸುತ್ತುತ್ತಾ ನಡುವಿಗೆ ಬರುತ್ತಾರೆ. ಕೌದಿ ಅಂದರೆ ಹೊದಿಕೆ ಎಂದಷ್ಟೇ ತಿಳಿದಿದ್ದ ನನಗೆ ದೊಡ್ಡವ್ವ ಅದರ ಒಳಗಿನ ಲೆಕ್ಕ ತೋರಿಸಿದಳು.

ಕ್ಯಾಮೆರಾವನ್ನು ಅಂಗೈ ಮೇಲೆ ಇರಿಸಿಕೊಂಡು ಆಕೆ ಕೇಳಿದ ಮೊದಲ ಪ್ರಶ್ನೆ, "ಇದರ ಭಾರ ಎಲ್ಲೈತೋ ತಮ್ಮಾ?" ಭಾರ ಇರುವುದು ಬಾಡಿಯಲ್ಲಿ, ನಾಜೂಕು ಇರುವುದು ಲೆನ್ಸು ಬಾಡಿಗೆ ಕೂಡುವ ಬಳೆಯಲ್ಲಿ. ಎರಡನೆಯದು, "ಎಷ್ಟ ದಪ್ಪ ಅರಿವಿ ಇಡೂಣು?" ಒಂದೇ ದಪ್ಪ ಕಂಬಳಿ ಸಾಕಲ್ಲವೇ ಅಂದೆ. "ಒಂದ ದಪ್ಪಂದು ಇಟ್ರ ಸರೀತೈತಿ, ಒಂದ ಕಡೆ ಗಡ್ಡಿ ಕಟ್ಟತೈತಿ. ತೆಳುವು ತೆಳುವು ಇಟ್ಟು ಟಾಕ ಹಾಕಿದ್ರ ಎಲ್ಲಾ ಕೂಡೇ ಭಾರ ಹೊರತಾವು." ಮೆತ್ತೆಯ ಕೆಲಸ ಪೆಟ್ಟನ್ನು ನಿಧಾನಮಾಡುವುದು. ಎಸೆದ ಚೆಂಡನ್ನು ಹಿಡಿಯುವಾಗ ಕೈಯನ್ನು ತುಸು ಹಿಂದಕ್ಕೆ ಎಳೆದುಕೊಳ್ಳುವ ಹಾಗೆ, ಅದು ಬೀಳುವ ವಸ್ತುವಿನ ವೇಗವನ್ನು ಒಮ್ಮೆಲೇ ನಿಲ್ಲಿಸದೆ ಚೂರುಚೂರಾಗಿ ಇಳಿಸಬೇಕು. ತೀರ ಮೆತ್ತಗಿದ್ದರೆ ಕ್ಯಾಮೆರಾ ಕುಸಿದು ತಳ ಮುಟ್ಟುತ್ತದೆ. ತೀರ ಗಟ್ಟಿಯಿದ್ದರೆ ಪೆಟ್ಟು ನೇರ ಗಾಜಿಗೆ ಹೋಗುತ್ತದೆ. ನಾನು ಪುಸ್ತಕದಲ್ಲಿ ಓದಿದ್ದ ಇದನ್ನು ದೊಡ್ಡವ್ವ ಬೆರಳಿನಿಂದ ಅರಿವಿ ಒತ್ತಿ ನೋಡಿಯೇ ಹೇಳಬಲ್ಲಳು.

ಬಟ್ಟೆಯೊಂದೇ ಸಾಲದು ಎಂಬುದನ್ನು ಆಕೆಯೇ ಒಪ್ಪಿದಳು. ಮನೆಯಲ್ಲಿ ಸವೆದು ಬಿದ್ದಿದ್ದ 6 ಮಿ.ಮೀ. ದಪ್ಪದ ಯೋಗಾ ಮ್ಯಾಟ್ ಕತ್ತರಿಸಿದೆವು. ಅದರ ರಂಧ್ರಗಳು ಒಂದೊಂದೂ ಬೇರೆಬೇರೆಯಾಗಿ ಮುಚ್ಚಿಕೊಂಡಿರುವುದರಿಂದ ನೀರು ಹೀರುವುದಿಲ್ಲ, ಒತ್ತಿದರೆ ಮತ್ತೆ ಎದ್ದು ನಿಲ್ಲುತ್ತದೆ. ಹಾಸಿಗೆಯ ಸ್ಪಂಜು ಹೀಗಲ್ಲ. ವರ್ಷಗಳು ಕಳೆದಂತೆ ಪುಡಿಯಾಗುತ್ತದೆ, ಆ ಪುಡಿ ಲೆನ್ಸಿಗೆ ಶತ್ರು. ಗೋಡೆ ನೆಟ್ಟಗೆ ನಿಲ್ಲಲೆಂದು ಹೊರಗಡೆ ರಟ್ಟು, ನಡುವೆ ಮ್ಯಾಟು, ಅದಕ್ಕೆ ಕೌದಿಯ ಗವಸಣಿಗೆ. ಒಳಮೈಗೆ ಹಳೆಯ ಛತ್ರಿಯ ಬಟ್ಟೆ, ಯಾಕೆಂದರೆ ಹತ್ತಿಯ ಬಟ್ಟೆ ನವಿರು ಎಳೆ ಬಿಡುತ್ತದೆ, ಛತ್ರಿಯ ಬಟ್ಟೆ ಬಿಡುವುದಿಲ್ಲ. ಕೌದಿಗೆ ಹೊಸ ಅರಿವಿ ಕೊಡಲು ಹೋದರೆ ದೊಡ್ಡವ್ವ ಮುಟ್ಟಲಿಲ್ಲ. ಹಲವು ಸಲ ಒಗೆದ ಪತ್ತಲದಲ್ಲಿ ಗಂಜಿ ಉಳಿದಿರುವುದಿಲ್ಲ, ಬಣ್ಣ ಬಿಡುವುದಿಲ್ಲ. ಗಂಜಿ ಇದ್ದರೆ ಹುಳು ಬರುತ್ತದೆ.

ಬಾಡಿಯ ಅಗಲ 12 ಸೆಂ.ಮೀ.ಗೆ ಸ್ವಲ್ಪ ಹೆಚ್ಚು, ಎತ್ತರ 9ಕ್ಕೆ ಸ್ವಲ್ಪ ಹೆಚ್ಚು. ಲೆನ್ಸು ಕೆಳಮುಖವಾಗಿ ಕೂರುವಂತೆ ಗೂಡು ಮಾಡಿ, ಎರಡೂ ಬದಿಗೆ ಸಣ್ಣ ದಿಂಬು ಹೊಲಿದೆವು. ಬಾಡಿ ಆ ದಿಂಬುಗಳ ಮೇಲೆ ಕೂರುತ್ತದೆ. ಲೆನ್ಸಿನ ಮೂತಿ ತಳಕ್ಕೆ ತಾಕದೆ ಮೇಲೆಯೇ ನಿಲ್ಲುತ್ತದೆ. ಬಸ್ಸು ಗುಂಡಿಗೆ ಬಿದ್ದಾಗ ಕೂಡುಬಳೆಗೆ ಬರಬೇಕಾದ ಪೆಟ್ಟು ದಿಂಬಿಗೆ ಹೋಗುತ್ತದೆ. ಚೀಲವನ್ನು ನೆಲಕ್ಕೆ ಇಳಿಸುವಾಗ ಮೊದಲ ಪೆಟ್ಟು ತಳಕ್ಕೇ ಎಂದು ಅಲ್ಲಿ ಮ್ಯಾಟಿನ ಪದರ ಎರಡು. ನಡುವಿನ ಅಡ್ಡಗೋಡೆ ಸರಿಸಲು ಬರುವಂತೆ ವೆಲ್ಕ್ರೋ.

ಮುಂದಿನ ತಿದ್ದುಪಡಿಗಳನ್ನು ನಾನು ಸುತ್ತುವ ನಾಲ್ಕು ತಾಲ್ಲೂಕುಗಳೇ ಮಾಡಿಸಿದವು. ಇಂಡಿಯ ಲಿಂಬೆ ತೋಟಗಳಲ್ಲಿ ಏಪ್ರಿಲ್ ಬಿಸಿಲಿಗೆ ಚೀಲ ಕಾಯುವುದನ್ನು ಕಂಡು ಮೇಲುಹೊದಿಕೆಗೆ ಬಿಳಿ ಧೋತರ ಹಾಕಿಸಿದೆ. ಸಿಂದಗಿಯ ಜೋಳದ ರಾಶಿಯಲ್ಲಿ ಏಳುವ ಹೊಟ್ಟು, ಧೂಳಿಗಾಗಿ ಬಾಯಿಗೆ ಛತ್ರಿ ಬಟ್ಟೆಯ ಮಡಿಕೆ ಬಂತು. ಮುದ್ದೇಬಿಹಾಳದ ಕಡೆ ಕೃಷ್ಣೆಯ ದಂಡೆಯಲ್ಲಿ ಮಳೆಗಾಲ ಕಳೆಯುವವನಿಗೆ ಬೂಷ್ಟು ದೊಡ್ಡ ಭಯ. ಲೆನ್ಸಿನ ಒಳಗೆ ಬೇರು ಬಿಟ್ಟರೆ ಬಿಡಿಸುವುದು ಕಷ್ಟ. ಅದಕ್ಕೆ ಸಿಲಿಕಾ ಜೆಲ್ ಇಡಲು ಪುಟ್ಟ ಜೇಬು ಹೊಲಿಸಿದೆ. ನೀಲಿ ಹರಳು ಗುಲಾಬಿಯಾದರೆ ಬಿಸಿಮಾಡಿ ಒಣಗಿಸಿ ಮತ್ತೆ ಇಡಬಹುದು. ಕೌದಿಯ ಗವಸಣಿಗೆಗೆ ಗುಂಡಿ ಹಚ್ಚಿಸಿದ್ದೂ ಇದೇ ಕಾರಣಕ್ಕೆ: ತೇವವಾದ ಬಟ್ಟೆಯನ್ನು ಬಿಚ್ಚಿ ಬಿಸಿಲಿಗೆ ಹಾಕದಿದ್ದರೆ ಅದೇ ಬೂಷ್ಟಿನ ಮನೆಯಾಗುತ್ತದೆ. ಇನ್ನು ಬಸವಣ್ಣನವರ ಹುಟ್ಟೂರು ಬಸವನಬಾಗೇವಾಡಿ. ಶ್ರಾವಣದಲ್ಲಿ ಮೂಲ ನಂದೀಶ್ವರನ ಜಾತ್ರೆಯ ನೂಕುನುಗ್ಗಲಲ್ಲಿ ಪೆಟ್ಟು ಬರುವುದು ಬದಿಯಿಂದ, ಮೊಣಕೈಯಿಂದ. ಅಲ್ಲಿಂದ ಬಂದ ಮೇಲೆ ಬದಿಗೋಡೆಗಳಿಗೆ ಇನ್ನೊಂದು ಪದರ ಸೇರಿತು.

ಪದರ ಸೇರಿಸಲು ಬರುವುದೇ ಕೌದಿಯ ದೊಡ್ಡ ಗುಣ. ಸವೆದಲ್ಲಿ ಮೇಲೊಂದು ತುಂಡು ಇಟ್ಟು ಹೊಲಿದರೆ ಅದು ಮೊದಲಿಗಿಂತ ಗಟ್ಟಿಯಾಗುತ್ತದೆ. ಅಂಗಡಿಯ ಚೀಲದಲ್ಲಿ ಮೆತ್ತೆ ಕುಸಿದರೆ ಬಿಚ್ಚಿ ತುಂಬುವ ದಾರಿ ಸಾಮಾನ್ಯವಾಗಿ ಇರುವುದಿಲ್ಲ. ಈ ಗೂಡಿನ ಪ್ರತಿ ಟಾಕನ್ನೂ ಬಿಚ್ಚಬಹುದು, ಮತ್ತೆ ಹಾಕಬಹುದು. ಸಂತೆಯ ದಿನ ಗೂಡನ್ನು ಎತ್ತಿ ಹೊರಗಿಟ್ಟರೆ ಚೀಲ ಮತ್ತೆ ಕಾಯಿಪಲ್ಲೆಗೆ ಸಿದ್ಧ.

ಇಂಡಿ ಸೀಮೆಯ ಹಲಸಂಗಿಯ ಗೆಳೆಯರು ಹಳ್ಳಿಯ ಹೆಣ್ಣುಮಕ್ಕಳ ಹಾಡುಗಳನ್ನು ಕೇಳಿ ಬರೆದುಕೊಂಡು 1931ರಲ್ಲಿ "ಗರತಿಯ ಹಾಡು" ಪ್ರಕಟಿಸಿದರು. ಬರೆದುಕೊಳ್ಳುವ ಮೊದಲು ಅವರು ಕೇಳಿದರು ಎಂಬುದು ನನಗೆ ದೊಡ್ಡ ಮಾತಾಗಿ ಕಾಣುತ್ತದೆ. ಇಂದು ಕೌದಿ ಹೊಲಿಯುವ ಹೆಣ್ಣುಮಕ್ಕಳ ಫೋಟೋ ತೆಗೆಯಲು ಬಹಳ ಜನ ಬರುತ್ತಾರೆ. ಸುಕ್ಕುಗಟ್ಟಿದ ಬೆರಳು, ಬಣ್ಣದ ಚಿಂದಿ ಚೆಂದ ಕಾಣುತ್ತವೆ. ಆ ಬೆರಳಿಗೆ ಎಷ್ಟು ಗೊತ್ತಿದೆ ಎಂದು ಕೇಳುವವರು ಕಡಿಮೆ. ಭಾರ ಎಲ್ಲಿದೆ, ಪೆಟ್ಟು ಎಲ್ಲಿಂದ ಬರುತ್ತದೆ, ಯಾವ ಅರಿವಿ ಯಾವ ಕೆಲಸಕ್ಕೆ ಎಂಬ ತಿಳಿವಳಿಕೆ ಅಲ್ಲಿದೆ. ಅವರ ಮುಂದೆ ಕ್ಯಾಮೆರಾ ಹಿಡಿಯುವವರು ಮೊದಲು ಸೂಜಿ ಹಿಡಿದು ಅವರ ಪಕ್ಕದಲ್ಲಿ ಕೂರಬೇಕು, ನಾಲ್ಕು ಸಾಲು ಟಾಕು ಕಲಿಯಬೇಕು. ಆಮೇಲೆ ತೆಗೆದ ಚಿತ್ರದಲ್ಲಿ ಆ ಕೈಗಳು ಏನು ಮಾಡುತ್ತಿವೆ ಎಂಬುದು ತೆಗೆದವರಿಗೂ ತಿಳಿದಿರುತ್ತದೆ.