ಬೀಚಿಲ್ಲದ ಊರಿಂದ

ಗುಂಡ್ಲುಪೇಟೆ
ಜೂನ್ ಕೊನೆಯ ವಾರ

ಮಗಳೇ,

ಮೊನ್ನೆ ಫೋನಿನಲ್ಲಿ ನಿನ್ನ ಚಿಕ್ಕವನು, "ತಾತಾ, ನಿಮ್ಮೂರಲ್ಲಿ ಬೀಚ್ ಇದ್ಯಾ?" ಅಂದ. ಇಲ್ಲ ಕಣಪ್ಪ ಅಂದೆ. "ಮತ್ತೆ ಏನಿದೆ?" ಅಂದ. ತಟ್ಟನೆ ಬಾಯಿಗೆ ಏನೂ ಬರಲಿಲ್ಲ. ಕೋಳಿಕ್ಕೋಡಿನ ಕಡಲ ಮಗ್ಗುಲಲ್ಲೇ ಬೆಳೆಯುವ ಹುಡುಗ, ಕೇಳಿದ್ದರಲ್ಲಿ ತಪ್ಪಿಲ್ಲ. ನಮ್ಮದು ಹಾದುಹೋಗುವವರ ಊರು ಕಣವ್ವ. ಊಟಿಗೆ ಹೋಗುವವರು ಕಾಫಿ ಕುಡಿದು ಹೋಗುತ್ತಾರೆ, ವಯನಾಡಿಗೆ ಹೋಗುವವರು ಪೆಟ್ರೋಲ್ ಹಾಕಿಸಿ ಹೋಗುತ್ತಾರೆ. ಹೋದ ಸಲ ನೀವೂ ಮೈಸೂರಿನ ದಾರಿಯಲ್ಲಿ ಅರ್ಧ ಗಂಟೆ ಕೂತು, ನಿಮ್ಮವ್ವ ಇಟ್ಟ ಉಪ್ಸಾರು ಆರುವ ಮೊದಲೇ ಎದ್ದಿರಿ.

ಈ ಸಲ ಎರಡು ದಿನ ಇರುವಂತೆ ಬನ್ನಿ. ಸೂರ್ಯಕಾಂತಿ ಹೂ ಬಿಟ್ಟಿದೆ, ಪಕ್ಕದ ಹೊಲದ ಚೆಂಡುಹೂವೂ ಅರಳುತ್ತಿದೆ. ನಿಮ್ಮ ಕೇರಳದವರು ಕಾರು ನಿಲ್ಲಿಸಿ ಫೋಟೋ ತೆಗೆಯುವುದೇ ತೆಗೆಯುವುದು. ಕೆಲವರು ಹಗ್ಗ ಕಟ್ಟಿ ದುಡ್ಡು ಕೇಳುತ್ತಾರೆ. ನಾನು ಕೇಳುವುದಿಲ್ಲ, ನಿಮ್ಮವ್ವ ಕೇಳುತ್ತಾಳೆ. ಮಕ್ಕಳನ್ನು ಬೆಳಿಗ್ಗೆಯೇ ಹೊಲಕ್ಕೆ ಕರೆದುಕೊಂಡು ಹೋಗುತ್ತೇನೆ. ಸೂರ್ಯಕಾಂತಿ ದಿನವೆಲ್ಲ ಹೊತ್ತಿನ ಹಿಂದೆ ಕತ್ತು ತಿರುಗಿಸುತ್ತದೆ ಎಂದು ಅವರ ಪುಸ್ತಕದಲ್ಲಿದೆಯಂತೆ. ಎಳೆಯ ಗಿಡ ಹಾಗೆ ಮಾಡುತ್ತದೆ, ನಿಜ. ಬಲಿತ ಹೂ ಮಾತ್ರ ಮೂಡಲಿಗೆ ಮುಖ ಮಾಡಿ ನಿಂತುಬಿಡುತ್ತದೆ, ನನ್ನ ಹಾಗೆ. ಸಂಜೆ ಹೋಗಿ ನೋಡಿ ಅವರೇ ಒಪ್ಪಲಿ. ಅಟ್ಟಣೆಯನ್ನೂ ಹತ್ತಿಸುತ್ತೇನೆ. ಹಂದಿ ಕಾಯುವುದಕ್ಕೆ ಕಟ್ಟಿದ್ದು ಅಂದರೆ ಇಬ್ಬರೂ ಅಲ್ಲೇ ಮಲಗುತ್ತೇವೆ ಅಂದಾರು, ನೀನು ಗಾಬರಿ ಬೀಳಬೇಡ.

ಸಫಾರಿಯ ಮಾತೆತ್ತಬೇಡ. ಹಿಂದೊಮ್ಮೆ ಬಂಡೀಪುರದಿಂದ ಹುಲಿ ಕಾಣದೆ ದೊಡ್ಡವನು ಅಳುತ್ತ ಬಂದದ್ದು ನೆನಪಿದೆ ತಾನೆ? ದಾರಿಯುದ್ದಕ್ಕೂ ಲಂಟಾನ ಪೊದೆ. ಅದರ ಹಿಂದೆ ಹುಲಿ ಕೂತಿದ್ದರೂ ನಮಗೆ ಕಾಣುವುದು ಎಲೆಯೇ. ಟಿಕೆಟ್ ಕೊಂಡವರಿಗೆಲ್ಲ ದರ್ಶನ ಕೊಡಲು ಅದೇನು ಗೋಪಾಲಸ್ವಾಮಿಯೇ?

ಅವನ ಬೆಟ್ಟಕ್ಕೆ ಹೋಗೋಣ. ಹಂಗಳದ ಮೇಲೆ ಹೋಗಿ, ಬುಡದಲ್ಲಿ ಕಾರು ಬಿಟ್ಟು ಸರ್ಕಾರಿ ಬಸ್ಸು ಹತ್ತಬೇಕು. ಕಡಲ ಮಟ್ಟದಿಂದ 1454 ಮೀಟರ್ ಎತ್ತರ. ಅಷ್ಟು ಹೊತ್ತು ಕಂಡ ಹೊಲ, ಕೆರೆ, ಕಾಡು ಎಲ್ಲ ಒಂದು ತಿರುವಿನಲ್ಲಿ ಮಂಜಿನೊಳಗೆ ಮುಳುಗುತ್ತವೆ. ನೋಡು, ಚಿಕ್ಕವನಿಗೆ ಹೇಳಬೇಕಿದ್ದ ಉತ್ತರ ಇದೇ ಇತ್ತು, ಫೋನ್ ಇಟ್ಟ ಮೇಲೆ ಹೊಳೆಯಿತು. ಗರ್ಭಗುಡಿಯ ಬಾಗಿಲ ಮೇಲಿಂದ ತೊಟ್ಟಿಕ್ಕುವ ನೀರನ್ನು ಅರ್ಚಕರು ತಲೆಗೆ ಪ್ರೋಕ್ಷಿಸುತ್ತಾರೆ, ಚಳಿಗೆ ಮಕ್ಕಳು ಕಿರುಚುತ್ತವೆ. ಸ್ವೆಟರ್ ಮರೆಯಬೇಡ. ಹಂಸತೀರ್ಥದಲ್ಲಿ ಮಿಂದ ಕಾಗೆ ಹಂಸವಾಯಿತು, ಅದಕ್ಕೇ ಬೆಟ್ಟದಲ್ಲಿ ಕಾಗೆ ಇಲ್ಲ ಅನ್ನುತ್ತಾರೆ. ನೀನು ಏಳು ವರ್ಷದವಳಿದ್ದಾಗ ಕಾಗೆ ಹುಡುಕುತ್ತ ಚಪ್ಪಲಿ ಕಳೆದುಕೊಂಡಿದ್ದೆ. ಈಗ ನಿನ್ನ ಮಕ್ಕಳು ಹುಡುಕಲಿ.

ಆಷಾಢದ ಹುಣ್ಣಿಮೆಯ ಹೊತ್ತಿಗೆ ಬರುವುದಾದರೆ ತೆರಕಣಾಂಬಿ ದಾರಿಯಲ್ಲಿ ಚಾಮರಾಜನಗರಕ್ಕೂ ಹೋಗಿ ಚಾಮರಾಜೇಶ್ವರನ ತೇರು ನೋಡಬಹುದು. 2016ರಲ್ಲಿ, ಮದುವೆಯಾದ ಹೊಸದರಲ್ಲಿ, ಆಷಾಢಕ್ಕೆಂದು ತವರಿಗೆ ಬಂದಿದ್ದ ನಿನ್ನನ್ನು ನೋಡಲು ಅಳಿಯಂದಿರು ತೇರಿನ ನೆಪ ಹೇಳಿಕೊಂಡು ಬಂದಿದ್ದರು. ಇಬ್ಬರೂ ಹಣ್ಣು ಜವನ ಎಸೆದಿರಿ. ಅವರು ಎಸೆದ ಬಾಳೆಹಣ್ಣು ತೇರಿಗೆ ತಾಗದೆ ಪೊಲೀಸಿನವನ ಟೋಪಿಗೆ ತಾಗಿತು! ಮರು ವರ್ಷ ತೇರಿಗೆ ಬೆಂಕಿ ಬಿತ್ತು. ಹೊಸ ತೇರು ಬೀದಿಗೆ ಬಂದದ್ದು 2022ರಲ್ಲಿ. ಅದನ್ನು ನೀವಿನ್ನೂ ನೋಡಿಲ್ಲ.

ಹೊರಡುವಾಗ ಹೊತ್ತು ನೋಡಿಕೊಳ್ಳಿ. ಕಾಡಿನ ರಸ್ತೆಯ ಗೇಟು ರಾತ್ರಿ ಒಂಬತ್ತಕ್ಕೆ ಹಾಕಿದರೆ ಬೆಳಿಗ್ಗೆ ಆರಕ್ಕೇ ತೆಗೆಯುವುದು. ನೀವು ಮೂಲೆಹೊಳೆಯ ಆಚೆ ಸಿಕ್ಕಿಕೊಂಡರೆ ನಿಮ್ಮವ್ವ ಆರು ಗಂಟೆಯ ತನಕ ನನ್ನನ್ನೂ ಮಲಗಗೊಡುವುದಿಲ್ಲ.

ನಿನ್ನ,
ಅಪ್ಪ