ಕೊಡಚಾದ್ರಿಯ ಹಳೇ ಜೀಪುಗಳು

ಕೊಲ್ಲೂರಿನ ಬೀದಿಯಲ್ಲಿ ಬೆಳಕು ಹರಿಯುವ ಹೊತ್ತಿಗೇ ಜೀಪುಗಳು ಸಾಲಾಗಿ ನಿಂತಿರುತ್ತವೆ. ಕೇರಳದಿಂದ ರಾತ್ರಿಯಿಡೀ ಪ್ರಯಾಣ ಮಾಡಿ ಬಂದ ಕುಟುಂಬಗಳು, ಬೆನ್ನಿಗೆ ಚೀಲ ಏರಿಸಿಕೊಂಡ ಬೆಂಗಳೂರಿನ ಕಾಲೇಜು ಹುಡುಗರು, ಮಗಳ ಪರೀಕ್ಷೆ ಮುಗಿದ ಮೇಲೆ ಹರಕೆ ತೀರಿಸಲು ಬಂದ ಶಿವಮೊಗ್ಗದ ಮೇಷ್ಟ್ರು ದಂಪತಿ, ಎಲ್ಲರೂ ದೇವಿಯ ದರ್ಶನ ಮುಗಿಸಿ ಇತ್ತ ಬರುತ್ತಾರೆ. "ಇನ್ನಿಬ್ರು ಬಂದ್ರೆ ಹೊರಡುವ ಸರ್" ಎಂಬ ಮಾತು ಒಂದು ಜೀಪಿನಿಂದ ಇನ್ನೊಂದಕ್ಕೆ ದಾಟುತ್ತಿರುತ್ತದೆ. ಜೀಪಿನ ಬಣ್ಣ ಎಷ್ಟು ಸಲ ಬದಲಾಗಿದೆಯೆಂದು ಬಾಗಿಲಿನ ಅಂಚಿನಲ್ಲಿ ಸಿಪ್ಪೆ ಎದ್ದ ಜಾಗ ನೋಡಿದರೆ ಎಣಿಸಬಹುದು. ಕೆಲವಂತೂ ಅದರಲ್ಲಿ ಕೂರುವ ಕಾಲೇಜು ಹುಡುಗರಿಗಿಂತ ಹಿರಿಯವು.

"ಈ ಗಾಡಿ ಮೇಲೆ ಹತ್ತುತ್ತದೆಯೇ?" ಎಂದು ತಾಯಂದಿರು ಕೇಳುವುದು ಸಹಜ. ಡ್ರೈವರು ನಕ್ಕು, "ಅಮ್ಮಾ, ಹೊಸ ಕಾರು ಹತ್ತೂದಿಲ್ಲ, ಇದು ಹತ್ತುತ್ತೆ" ಎನ್ನುತ್ತಾನೆ. ಅವನ ಮಾತಿನಲ್ಲಿ ನಿಜವಿದೆ. ಆದರೆ ಅದು ಪೂರ್ತಿ ನಿಜವಾಗುವುದು ಆ ಜೀಪಿನ ಹೊಟ್ಟೆಯಡಿ ಕಳೆದ ವಾರ ಯಾರು ಮಲಗಿದ್ದರು, ಏನು ಬಿಗಿಗೊಳಿಸಿದರು ಎಂಬುದರ ಮೇಲೆ.

ಕೊಡಚಾದ್ರಿಯ ಎತ್ತರ 1,343 ಮೀಟರ್. ಬೆಟ್ಟ ಇರುವುದು ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನಲ್ಲಿ. ಅದರ ಬುಡದ ಕೊಲ್ಲೂರು ಉಡುಪಿ ಜಿಲ್ಲೆಗೆ ಸೇರಿದ್ದು. ಕೊಲ್ಲೂರಿನ ಪಕ್ಕ ಹರಿಯುವ ಸೌಪರ್ಣಿಕಾ ಹುಟ್ಟುವುದೂ ಈ ಬೆಟ್ಟದ ಮಡಿಲಲ್ಲೇ. ಕೊಲ್ಲೂರಿನಿಂದ ತಲೆಯೆತ್ತಿದರೆ ಶಿಖರ ಕೈಗೆ ಸಿಗುವಂತೆ ಕಂಡರೂ ಜೀಪು ಸುತ್ತಿ ಬಳಸಿ ಹೋಗಬೇಕು. ನಾಗೋಡಿ ಘಾಟಿ ಹತ್ತಿ, ನಿಟ್ಟೂರಿನ ಕಡೆ ಹೊರಳಿ, ಕಟ್ಟಿನಹೊಳೆಯನ್ನು ಮುಟ್ಟುವವರೆಗೆ ದಾರಿ ಸಭ್ಯವಾಗಿಯೇ ಇರುತ್ತದೆ. ಒಟ್ಟು ದೂರ ಸುಮಾರು 40 ಕಿಲೋಮೀಟರ್. ಆದರೆ ಲೆಕ್ಕಕ್ಕೆ ಬರುವುದು ಕೊನೆಯ ಎಂಟು-ಹತ್ತು ಕಿಲೋಮೀಟರ್ ಮಾತ್ರ. ಅದನ್ನು ರಸ್ತೆ ಎನ್ನುವುದು ಔದಾರ್ಯದ ಮಾತು. ಮಳೆನೀರು ಕೊರೆದ ಕೊರಕಲು, ಅದರ ನಡುವೆ ತಲೆಯೆತ್ತಿದ ಬಂಡೆ, ತಿರುವಿನಲ್ಲಿ ಒಂದು ಕಡೆ ಕಾಡು, ಇನ್ನೊಂದು ಕಡೆ ಕಣಿವೆ. ಎಂಟು ಜನರೂ ಒಬ್ಬರ ಮೇಲೊಬ್ಬರು ಬಿದ್ದು, ಅಪರಿಚಿತರೆಂಬ ಸಂಕೋಚವನ್ನು ಮೊದಲ ತಿರುವಿನಲ್ಲೇ ಕಳೆದುಕೊಳ್ಳುತ್ತಾರೆ.

ಇಂಥ ಏರು ಶುರುವಾಗುವ ಮುನ್ನ ಡ್ರೈವರು ಇಳಿದು ಮುಂದಿನ ಎರಡು ಚಕ್ರಗಳ ನಡುಮಧ್ಯದಲ್ಲಿರುವ ಗುಬಟನ್ನು ಕೈಯಿಂದ ತಿರುಗಿಸುವುದುಂಟು. ಹುಡುಗರು ಅದನ್ನು ನಟ್ಟು ಬಿಗಿ ಮಾಡುವುದೆಂದು ತಿಳಿಯುತ್ತಾರೆ. ಅದು ಹಬ್. ಅದನ್ನು ಕೂಡಿಸಿದ ಮೇಲೆಯೇ ಮುಂದಿನ ಚಕ್ರಗಳಿಗೂ ಎಂಜಿನ್ನಿನ ಶಕ್ತಿ ತಲುಪುವುದು. ಆಮೇಲೆ ಒಳಗೆ ಗೇರ್ ಕಡ್ಡಿಯ ಪಕ್ಕದಲ್ಲಿರುವ ಗಿಡ್ಡ ಕಡ್ಡಿಗಳ ಸರದಿ. ಹಳೆಯ ಜೀಪಿನಲ್ಲಿ ಇವು ಎರಡಿರುತ್ತವೆ: ಒಂದು ನಾಲ್ಕು ಚಕ್ರಗಳನ್ನೂ ದುಡಿಮೆಗೆ ಹಚ್ಚಲು, ಇನ್ನೊಂದು ವೇಗವನ್ನು ತಗ್ಗಿಸಿ ಬಲವನ್ನು ಹೆಚ್ಚಿಸಲು.

ಬಲ ಹೆಚ್ಚುವುದು ಎಷ್ಟು? ಲೆಕ್ಕದಲ್ಲಿ ಆಸಕ್ತಿಯಿರುವ ವಿದ್ಯಾರ್ಥಿಗಳು ಗುಣಿಸಿ ನೋಡಬಹುದು. ಮಹೀಂದ್ರ ಕಂಪನಿ ದಶಕಗಳ ಕಾಲ ತಯಾರಿಸಿದ ಸಿಜೆ 3ಬಿ ಜೀಪಿನಲ್ಲಿ ಮೂರೇ ಗೇರು. ಮೊದಲ ಗೇರಿನ ಅನುಪಾತ ಸುಮಾರು 2.8, ಗಿಡ್ಡ ಕಡ್ಡಿ ಕೊಡುವುದು 2.46, ಆಕ್ಸಲ್ಲಿನದು 5.38. ಮೂರನ್ನೂ ಗುಣಿಸಿದರೆ ಉತ್ತರ 37. ಎಂದರೆ ಎಂಜಿನ್ನು 37 ಸುತ್ತು ತಿರುಗಿದಾಗ ಚಕ್ರ ತಿರುಗುವುದು ಒಂದೇ ಸುತ್ತು! ವೇಗ ಮನುಷ್ಯನ ನಡಿಗೆಯಷ್ಟಕ್ಕೆ ಇಳಿಯುತ್ತದೆ, ಬಲ ಅಷ್ಟು ಪಟ್ಟು ಏರುತ್ತದೆ. ಇಳಿಯುವಾಗಲೂ ಇದೇ ಲೆಕ್ಕ ಕಾಪಾಡುತ್ತದೆ. ಬ್ರೇಕ್ ಒತ್ತುತ್ತಲೇ ಇಳಿದರೆ ಡ್ರಮ್ಮು ಕಾದು ಹಿಡಿತ ತಪ್ಪುತ್ತದೆ. ತಗ್ಗಿದ ಗೇರಿನಲ್ಲಿ ಬಿಟ್ಟರೆ ಎಂಜಿನ್ನೇ ಗಾಡಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಬೆಟ್ಟ ಇಳಿಯುವಾಗ ಡೀಸೆಲ್ ಉಳಿಸಲೆಂದು ಗೇರ್ ತೆಗೆದು ಜಾರಿಸುವ ಚಾಲಕನ ಗಾಡಿಯಿಂದ ಇಳಿದು ನಡೆದು ಬರುವುದೇ ಲೇಸು.

ಡಾಂಬರು ರಸ್ತೆಗೆ ಮರಳಿದ ಮೇಲೆ ಇದನ್ನೆಲ್ಲ ಬಿಡಿಸಲೇಬೇಕು. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ಹೆಚ್ಚು ದೂರ ಉರುಳುತ್ತವೆ. ಮಣ್ಣಿನಲ್ಲಾದರೆ ಚಕ್ರ ಸ್ವಲ್ಪ ಜಾರಿ ವ್ಯತ್ಯಾಸ ಸರಿಹೋಗುತ್ತದೆ. ಡಾಂಬರಿನ ಮೇಲೆ ಜಾರಲಾರದೆ ಆ ಸೆಣಸಾಟವೆಲ್ಲ ಗೇರುಪೆಟ್ಟಿಗೆಯ ಹಲ್ಲುಗಳ ಮೇಲೆ ಬೀಳುತ್ತದೆ. ಗಡಿಬಿಡಿಯಲ್ಲಿ ಇದನ್ನು ಮರೆತವರು ವರ್ಕ್‌ಶಾಪಿಗೆ ದಂಡ ಕಟ್ಟುತ್ತಾರೆ.

ಜೀಪಿನ ವಂಶಾವಳಿ ಎರಡನೆಯ ಮಹಾಯುದ್ಧಕ್ಕೆ ಹೋಗುತ್ತದೆ. 1941ರಲ್ಲಿ ಅಮೆರಿಕದ ಸೈನ್ಯಕ್ಕಾಗಿ ವಿಲ್ಲೀಸ್ ಕಂಪನಿ ತಯಾರಿಸತೊಡಗಿದ ಪುಟ್ಟ ಗಾಡಿ, ಯುದ್ಧ ಮುಗಿದ ಕೆಲವೇ ವರ್ಷಗಳಲ್ಲಿ ಬಿಡಿಭಾಗಗಳಾಗಿ ಮುಂಬಯಿಗೆ ಬಂದಿಳಿಯಿತು. ಮಹೀಂದ್ರದವರು ಜೋಡಿಸಿದರು, ಮುಂದೆ ತಾವೇ ತಯಾರಿಸಿದರು. ಮಲೆನಾಡಿನಲ್ಲಿ ಅದು ಕಾಫಿ ತೋಟದ ಸಾಹುಕಾರರ, ಅರಣ್ಯಾಧಿಕಾರಿಗಳ ವಾಹನವಾಗಿ ಬಂದು, ಹೆರಿಗೆಗೆ ಹೆಂಗಸರನ್ನು ಆಸ್ಪತ್ರೆಗೆ ಸಾಗಿಸುವ, ಮದುವೆ ದಿಬ್ಬಣ ಹೊರುವ, ಅಡಿಕೆ ಮೂಟೆ ಎಳೆಯುವ ಊರ ಗಾಡಿಯಾಯಿತು. ಪೆಟ್ರೋಲ್ ಕುಡಿಯುತ್ತಿದ್ದ ಹಳೆಯ ಜೀಪುಗಳ ಎಂಜಿನ್ ಕಿತ್ತು ಡೀಸೆಲ್ ಎಂಜಿನ್ ಕೂಡಿಸುವುದು ಒಂದು ಕಾಲದಲ್ಲಿ ದೊಡ್ಡ ಕಸುಬೇ ಆಗಿತ್ತು. ಆಮೇಲೆ ಫ್ರಾನ್ಸಿನ ಪೂಜೋ ವಿನ್ಯಾಸದ 2.1 ಲೀಟರ್ ಡೀಸೆಲ್ ಎಂಜಿನ್ನಿನ 540 ಬಂತು, ಕಮಾಂಡರ್, ಮೇಜರ್‌ಗಳು ಬಂದವು. ಅವುಗಳ ತಯಾರಿಕೆ ನಿಂತು ವರ್ಷಗಳೇ ಆದರೂ ಬೆಟ್ಟದ ದಾರಿಯಲ್ಲಿ ಅವಿನ್ನೂ ನಿವೃತ್ತವಾಗಿಲ್ಲ.

ಒಂದು ತಪ್ಪು ತಿಳಿವಳಿಕೆ ಮಾತ್ರ ಹೋಗಬೇಕು. ಜೀಪೆಂದರೆಲ್ಲ ನಾಲ್ಕು ಚಕ್ರದ ಎಳೆತವಲ್ಲ. ಹಿಂದಿನ ಎರಡೇ ಚಕ್ರಗಳಿಗೆ ಶಕ್ತಿ ಹೋಗುವ ಜೀಪುಗಳನ್ನೂ ಕಂಪನಿ ಮಾರಿದೆ. ಹೊರಗಿನಿಂದ ಎರಡೂ ಅಣ್ಣತಮ್ಮಂದಿರಂತೆ ಕಾಣುತ್ತವೆ. ಬಗ್ಗಿ ಮುಂದಿನ ಚಕ್ರಗಳ ನಡುವೆ ನೋಡಬೇಕು. ಅಲ್ಲಿ ಸಿಪ್ಪೆ ಸುಲಿಯದ ತೆಂಗಿನಕಾಯಿಯಷ್ಟು ದಪ್ಪದ ಉಬ್ಬಿದ್ದರೆ ಮುಂದೆಯೂ ಎಳೆತವಿದೆ, ಬರಿಯ ಸರಳಿದ್ದರೆ ಇಲ್ಲ.

ಹಳೆಯ ಜೀಪನ್ನು ಕೊಂಡು ಬೆಟ್ಟಕ್ಕೆ ಅಣಿಗೊಳಿಸುವ ಹುಚ್ಚು ಈಗ ಪಟ್ಟಣದ ಯುವಕರಿಗೂ ಹಿಡಿದಿದೆ. ಅವರು ಮೊದಲು ಹೋಗುವುದು ಟಯರ್ ಅಂಗಡಿಗೆ. ಎದೆಯೆತ್ತರದ ಟಯರು, ಛಾವಣಿ ತುಂಬ ದೀಪ, ಮುಂದೊಂದು ವಿಂಚು. ಮಲೆನಾಡಿನ ಹಳೆಯ ಮೆಕ್ಯಾನಿಕ್ಕುಗಳು ಇದನ್ನು ಕಂಡು ಮುಸಿಮುಸಿ ನಗುತ್ತಾರೆ. ಅವರ ಕ್ರಮ ಬೇರೆ: ಮೊದಲು ಬ್ರೇಕು, ಆಮೇಲೆ ಸ್ಟಿಯರಿಂಗು, ಆಮೇಲೆ ಸ್ಪ್ರಿಂಗು, ಎಂಜಿನ್ನು ನಂತರ, ಅಂದಚಂದ ಕೊನೆಗೆ. ದೊಡ್ಡ ಟಯರು ಹಾಕಿದೊಡನೆ ಮೇಲೆ ಹೇಳಿದ 37ರ ಬಲ ಇಳಿಯುತ್ತದೆ; ಬೇರಿಂಗು, ಆಕ್ಸಲ್ಲುಗಳ ಮೇಲೆ ಭಾರ ಏರುತ್ತದೆ; ಮೊದಲೇ ಸಾಧಾರಣವಾದ ಡ್ರಮ್ ಬ್ರೇಕು ಇನ್ನಷ್ಟು ಸೋಲುತ್ತದೆ. ಸ್ಪ್ರಿಂಗನ್ನು ಆಕ್ಸಲ್ಲಿನ ಮೇಲಕ್ಕೆ ಕೂರಿಸಿ ಗಾಡಿಯನ್ನು ಎತ್ತರಿಸಿದರೆ ಬಂಡೆ ತಾಗುವುದಿಲ್ಲ ನಿಜ, ಓರೆಯಲ್ಲಿ ಮಗುಚುವ ಭಯ ಹೆಚ್ಚುತ್ತದೆ.

ಕಾನೂನೂ ಇದೆ. ಕಂಪನಿ ಕೊಟ್ಟ ಸ್ವರೂಪವನ್ನು ಮನಬಂದಂತೆ ಬದಲಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಇದನ್ನು ಎತ್ತಿಹಿಡಿದಿದೆ. ಎಂಜಿನ್ ಬದಲಿಸುವವರು ಆರ್‌ಟಿಓ ಅನುಮತಿ ಪಡೆದು ಆರ್‌ಸಿ ಪುಸ್ತಕದಲ್ಲಿ ನಮೂದಿಸಿಕೊಳ್ಳಬೇಕು. ಇಲ್ಲವಾದರೆ ಅಪಘಾತವಾದಾಗ ವಿಮೆಯ ಹಣಕ್ಕೆ ತಕರಾರು ಬರುತ್ತದೆ. ಮಗನಿಗೆ ಹಳೆಯ ಜೀಪು ಕೊಡಿಸುವ ತಂದೆ ಟಯರಿಗಿಂತ ಮೊದಲು ಈ ಪುಸ್ತಕದಲ್ಲಿರುವ ಎಂಜಿನ್, ಛಾಸಿ ನಂಬರುಗಳನ್ನು ಗಾಡಿಯೊಂದಿಗೆ ತಾಳೆ ನೋಡುವುದು ಒಳ್ಳೆಯದು.

ಹೆಚ್ಚು ಖರ್ಚಿಲ್ಲದೆ ಗುಣ ಕೊಡುವ ಸುಧಾರಣೆಗಳೂ ಇವೆ. ಮುಂದೆ ಹಿಂದೆ ಗಟ್ಟಿಯಾದ ಎಳೆಯುವ ಕೊಕ್ಕೆ, ಎಂಜಿನ್ನಿನ ಅಡಿಗೆ ಉಕ್ಕಿನ ತಗಡು, ಕೂತವರಿಗೆಲ್ಲ ಹಿಡಿದುಕೊಳ್ಳಲು ಸರಳು, ಸೀಟುಪಟ್ಟಿ. ಇನ್ನೊಂದು ಆಕ್ಸಲ್ಲಿನ ಉಸಿರುಗೊಳವೆ. ಆಕ್ಸಲ್ಲಿನೊಳಗಿನ ಎಣ್ಣೆ ಓಡುತ್ತ ಕಾಯುತ್ತದೆ. ಹೊಳೆ ದಾಟುವಾಗ ಫಕ್ಕನೆ ತಣ್ಣಗಾಗಿ ಒಳಗಿನ ಗಾಳಿ ಕುಗ್ಗಿ ನೀರನ್ನು ಹೀರುತ್ತದೆ. ಉಸಿರು ರಂಧ್ರಕ್ಕೆ ಒಂದು ರಬ್ಬರ್ ಕೊಳವೆ ಸಿಕ್ಕಿಸಿ ಬಾನೆಟ್ಟಿನ ಎತ್ತರಕ್ಕೆ ಕಟ್ಟಿದರೆ ಮುಗಿಯಿತು. ಕಟ್ಟದಿದ್ದರೆ? ಕೆಲವು ದಿನ ಬಿಟ್ಟು ಬೋಲ್ಟು ಬಿಚ್ಚಿದಾಗ ಎಣ್ಣೆ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿರುತ್ತದೆ.

ಟಯರಿನ ಗಾಳಿ ಇಳಿಸುವುದಕ್ಕಂತೂ ಖರ್ಚೇ ಇಲ್ಲ. ರಸ್ತೆಯಲ್ಲಿ 30 ಪೌಂಡಿನ ಆಸುಪಾಸಿನಲ್ಲಿದ್ದುದನ್ನು ಕೆಸರು, ಕಲ್ಲುಗಳ ದಾರಿಯಲ್ಲಿ ಇಪ್ಪತ್ತಕ್ಕೆ ಇಳಿಸಿದರೆ ಟಯರು ಅಗಲವಾಗಿ ನೆಲವನ್ನು ಅಪ್ಪುತ್ತದೆ. ಕೆಳಗೆ ಬಂದ ಮೇಲೆ ಮತ್ತೆ ತುಂಬಿಸಬೇಕು. ಸಡಿಲ ಟಯರಿನಲ್ಲಿ ಜೋರಾಗಿ ಓಡಿಸಿದರೆ ಕಾದು ಒಡೆಯುತ್ತದೆ. ಮಳೆಗಾಲದ ಕೆಸರಿಗೆ ಮಲೆನಾಡಿನವರು ಹಿಂದಿನ ಚಕ್ರಕ್ಕೆ ಕಬ್ಬಿಣದ ಸರಪಳಿ ಸುತ್ತುತ್ತಾರೆ. ಅದು ಗಾಡಿಯನ್ನು ದಾಟಿಸುತ್ತದೆ, ದಾರಿಯನ್ನು ಹುಡಿ ಮಾಡುತ್ತದೆ. ಚಕ್ರ ಕೊರೆದ ಗೆರೆಯಲ್ಲಿ ಮಳೆನೀರು ಹರಿದು ಮರುವರ್ಷಕ್ಕೆ ಅದೇ ಚರಂಡಿಯಾಗುತ್ತದೆ. ಇನ್ನು ದಾರಿ ಬಿಟ್ಟು ಹುಲ್ಲುಗಾವಲಿನ ಮೇಲೆ ಜೀಪು ನುಗ್ಗಿಸುವ ಶೂರರ ವಿಷಯ ಬೇರೆಯೇ. ಶೋಲಾ ಕಾಡಿನ ನೆತ್ತಿಯ ಆ ಹುಲ್ಲು ಮಳೆನೀರನ್ನು ಹಿಡಿದಿಟ್ಟು ಹೊಳೆಗೆ ಬಿಡುವ ಸ್ಪಂಜು. ಅದರ ಮೇಲೆ ಚಕ್ರ ಓಡಿಸುವುದು ಸಾಹಸವಲ್ಲ.

ಬೆಟ್ಟದ ಡ್ರೈವರುಗಳ ಕೈ ನೋಡುವುದೂ ಒಂದು ಪಾಠ. ಸ್ಟಿಯರಿಂಗನ್ನು ಹಿಡಿದ ಹೆಬ್ಬೆರಳು ಒಳಗೆ ಸುತ್ತಿಕೊಂಡಿರುವುದಿಲ್ಲ, ಮೇಲೆಯೇ ಇರುತ್ತದೆ. ಚಕ್ರ ಬಂಡೆಗೆ ಬಡಿದಾಗ ಸ್ಟಿಯರಿಂಗು ಫಟ್ಟನೆ ತಿರುಗುತ್ತದೆ. ಒಳಗಿದ್ದ ಹೆಬ್ಬೆರಳು ಮುರಿಯುವುದೂ ಉಂಟು. ಹೊಳೆ ದಾಟಿದೊಡನೆ ಅವರು ನಿಧಾನಕ್ಕೆ ಓಡಿಸುತ್ತಲೇ ಬ್ರೇಕನ್ನು ಮೆಲ್ಲಗೆ ಒತ್ತಿ ಬಿಟ್ಟು ಮಾಡಿ ಡ್ರಮ್ಮಿನ ತೇವ ಒಣಗಿಸುತ್ತಾರೆ. ಸೀಟಿನಡಿಯ ಪೆಟ್ಟಿಗೆಯಲ್ಲಿ ಸ್ಪ್ರಿಂಗಿನ ಸೆಂಟರ್ ಬೋಲ್ಟು, ಕಬ್ಬಿಣದ ತಂತಿ, ಹಳೆಯ ಟ್ಯೂಬಿನ ಪಟ್ಟಿ, ಜೊತೆಗೆ ಒಂದು ತುಂಡು ಬಟ್ಟೆ ಸೋಪು. ಡೀಸೆಲ್ ಟ್ಯಾಂಕಿಗೆ ಕಲ್ಲು ಬಡಿದು ಸೋರತೊಡಗಿದರೆ ಆ ಸೋಪನ್ನು ತಿಕ್ಕಿ ರಂಧ್ರ ಮುಚ್ಚಿ ಕೆಳಗಿಳಿದು ಬರಬಹುದು. ಡೀಸೆಲ್ಲಿಗೆ ಸೋಪು ಕರಗುವುದಿಲ್ಲ.

ಜೀಪು ನಿಲ್ಲುವುದು ಮೂಲ ಮೂಕಾಂಬಿಕೆಯ ಗುಡಿಯ ಹತ್ತಿರ. ಅಲ್ಲಿಂದ ಸರ್ವಜ್ಞಪೀಠಕ್ಕೆ ಕಾಲುದಾರಿಯೇ. ಶಂಕರಾಚಾರ್ಯರು ತಪಸ್ಸು ಮಾಡಿದರೆಂದು ನಂಬುವ ಆ ಪುಟ್ಟ ಕಲ್ಲುಮಂಟಪದ ಬಳಿ ನಿಂತರೆ, ಮಂಜಿಲ್ಲದ ದಿನ ಪಶ್ಚಿಮಕ್ಕೆ ಅರಬ್ಬೀ ಸಮುದ್ರದ ಬೆಳ್ಳಿಗೆರೆ ಕಾಣುತ್ತದೆ. ಹಾಗೆ ನಡೆಯುವ ಮುನ್ನ ಗುಡಿಯ ಎದುರಿನ ಕಬ್ಬಿಣದ ಕಂಬವನ್ನು ತಪ್ಪದೆ ನೋಡಬೇಕು. ದೇವಿಯ ತ್ರಿಶೂಲವೆಂದು ಭಕ್ತರು ನಂಬುವ ಈ ಕಂಬ ಶತಮಾನಗಳ ಮಳೆಗೆ ಮೈಯೊಡ್ಡಿಯೂ ಗಟ್ಟಿಯಾಗಿ ನಿಂತಿದೆ. ಲೋಹಶಾಸ್ತ್ರಜ್ಞರು ಬಂದು ಪರೀಕ್ಷಿಸಿದ್ದಾರೆ. ಪಕ್ಕದಲ್ಲೇ ನಿಂತ ಜೀಪಿನ ಛಾಸಿಯಾದರೋ ಹತ್ತೇ ಮಳೆಗಾಲಕ್ಕೆ ಹಪ್ಪಳದಂತೆ ಪದರ ಬಿಡುತ್ತದೆ. ಅದಕ್ಕೇ ಬುದ್ಧಿವಂತ ಮಾಲೀಕರು ಪ್ರತಿ ಮಳೆಗಾಲಕ್ಕೆ ಮುಂಚೆ ಅಡಿಭಾಗದ ಕೆಸರನ್ನು ತೊಳೆದು, ತುಕ್ಕು ಕೆರೆದು, ಹಳೆಯ ಎಂಜಿನ್ ಆಯಿಲ್ ಬಳಿಯುತ್ತಾರೆ.

ಇಳಿದು ಬಂದ ಸಂಜೆಯೂ ಕೆಲಸವಿರುತ್ತದೆ. ಗ್ರೀಸ್ ಗನ್ನು ಹಿಡಿದು ಒಂದೊಂದೇ ನಿಪ್ಪಲ್ಲಿಗೆ ಹೊಸ ಗ್ರೀಸು ತುಂಬುವುದು, ಹಳೆಯ ಕೆಸರುಗ್ರೀಸು ಅಂಚಿನಿಂದ ಹೊರಬರುವವರೆಗೆ. ಪ್ರೊಪೆಲರ್ ಶಾಫ್ಟನ್ನು ಕೈಯಿಂದ ಅಲುಗಿಸಿ ಕ್ರಾಸು ಸವೆದಿದೆಯೇ ನೋಡುವುದು. ಸ್ಪ್ರಿಂಗಿನ ಪಟ್ಟಿಗಳನ್ನು ಸುತ್ತಿಗೆಯಿಂದ ಮೆಲ್ಲಗೆ ಬಡಿದು ಸದ್ದು ಕೇಳುವುದು. ಸೀಳು ಬಿಟ್ಟ ಪಟ್ಟಿಯ ದನಿ ಒಡಕು ಮಡಕೆಯಂತೆ. ಮೂರು ಟ್ರಿಪ್ಪು ಹೊಡೆದ ದಿನ ಇದನ್ನು ನಾಳೆಗೆ ಮುಂದೂಡುವ ಆಸೆ ಯಾರಿಗಾದರೂ ಆಗುತ್ತದೆ. ಮರುದಿನ ಬೆಳಗ್ಗೆ ಕಣಿವೆಯ ಅಂಚಿನಲ್ಲಿ ಸ್ಟಿಯರಿಂಗ್ ರಾಡು ಕಳಚಿದರೆ ಅದರ ಬೆಲೆ ತೆರುವವರು ಹಿಂದೆ ಕೂತ ಎಂಟು ಜನ. ಪಾಲಕರು ಬಾಡಿಗೆಯಲ್ಲಿ ಐವತ್ತು ನೂರು ಚೌಕಾಸಿ ಮಾಡುವ ಬದಲು, ಹಿಂದೆ ನೇತಾಡಲು ಒಂಬತ್ತನೆಯವರನ್ನು ಹತ್ತಿಸಿದಾಗ ಬೇಡವೆಂದು ಹೇಳಿದರೆ ಆ ಗಾಡಿಗೂ ಉಪಕಾರ, ಮಕ್ಕಳಿಗೂ ಉಪಕಾರ.

ಹಳೆಯ ಕೈಗಳು ಕಡಿಮೆಯಾಗುತ್ತಿವೆ ಎಂಬುದೇ ಈಗಿನ ಚಿಂತೆ. ಹೊಸ ಗಾಡಿಯ ದೋಷವನ್ನು ಕಂಪ್ಯೂಟರ್ ಹೇಳುತ್ತದೆ. ಇವುಗಳ ದೋಷವನ್ನು ಕಿವಿಯಿಂದ, ಅಂಗೈಯಿಂದ ತಿಳಿಯಬೇಕು. ಐಟಿಐಯಲ್ಲಿ ಮೋಟಾರು ವಾಹನ ಮೆಕ್ಯಾನಿಕ್ ತರಬೇತಿಗೆ ಎರಡು ವರ್ಷ. ಎಸ್ಸೆಸ್ಸೆಲ್ಸಿ ಆದ ಹುಡುಗ ಸೇರಬಹುದು. ಆದರೆ ಗಿಡ್ಡ ಕಡ್ಡಿಯ ಪೆಟ್ಟಿಗೆಯನ್ನು ಬಿಚ್ಚಿ ಅದರ ಷಿಮ್ಮುಗಳನ್ನು ಸರಿಯಾಗಿ ಕೂರಿಸುವುದನ್ನು ಅವನು ಕಲಿಯುವುದು ವರ್ಕ್‌ಶಾಪಿನ ಗೋಣಿಚೀಲದ ಮೇಲೆ ಮಲಗಿಯೇ. ಜೂನ್ ಬಂದು ಮಳೆ ಹಿಡಿದು ಪ್ರವಾಸಿಗರು ವಿರಳವಾದಾಗ ಅದಕ್ಕೆ ಬಿಡುವು ಸಿಗುತ್ತದೆ. ತಗಡಿನ ಮಾಡಿನ ಕೆಳಗೆ ಜೀಪು ನಾಲ್ಕು ಕಲ್ಲುಗಳ ಮೇಲೆ ಚಕ್ರವಿಲ್ಲದೆ ನಿಂತಿರುತ್ತದೆ. ಬಿಚ್ಚಿದ ಬೇರಿಂಗುಗಳು ಸೀಮೆಎಣ್ಣೆಯ ತಟ್ಟೆಯಲ್ಲಿ ನೆನೆಯುತ್ತಿರುತ್ತವೆ. ಮೇಸ್ತ್ರಿ ಒಂದನ್ನು ಎತ್ತಿ, ಒರೆಸಿ, ಹುಡುಗನ ಕೈಗಿಟ್ಟು, "ತಿರುಗಿಸಿ ನೋಡು, ಎಲ್ಲಿ ಕಚ್ಚುತ್ತೆ ಹೇಳು" ಎನ್ನುತ್ತಾನೆ.