ಒಂದೇ ಬಾವುಟ, ಬೇರೆ ಬೇರೆ ಅಂಚು

ಅಮೆರಿಕದಿಂದ ಮಾಮು ಬರೆಯುತ್ತಿದ್ದ ಪತ್ರಗಳನ್ನು ನಾನಿಗೆ ಓದಿ ಹೇಳುವ ಕೆಲಸ ನನ್ನದಾಗಿತ್ತು. ನಾನಿಗೆ ಕುರ್‌ಆನ್ ಓದಲು ಬರುತ್ತಿತ್ತು. ಆದರೆ ಮಾಮು ಅವಸರದಲ್ಲಿ ಗೀಚಿದ ಉರ್ದು ಅವರ ಕಣ್ಣಿಗೆ ಹತ್ತುತ್ತಿರಲಿಲ್ಲ. ಓದಿದ್ದಕ್ಕೆ ನನಗೆ ಸಿಗುತ್ತಿದ್ದ ಕೂಲಿ ಲಕೋಟೆಯ ಮೇಲಿನ ಅಂಚೆಚೀಟಿ.

1995ರಿಂದ ಎರಡು ಮೂರು ವರ್ಷ ಆ ಲಕೋಟೆಗಳ ಮೇಲೆ ಹೆಚ್ಚಾಗಿ ಒಂದೇ ಚಿತ್ರ ಬರುತ್ತಿತ್ತು: ಮನೆಯ ಮುಂದಿನ ಜಗಲಿಯಲ್ಲಿ ಹಾರುವ ಅಮೆರಿಕದ ಬಾವುಟ, ಬೆಲೆ 32 ಸೆಂಟ್. ಮಾಮು ಎರಡೆರಡು ಚೀಟಿ ಹಚ್ಚುತ್ತಿದ್ದರು. ಮೊದಲು ಬಂದ ಒಂದೆರಡನ್ನು ಆಲ್ಬಮ್ಮಿಗೆ ಸೇರಿಸಿದೆ. ಆಮೇಲೆ ಬಂದವನ್ನು ‘ಇದ್ದದ್ದೇ’ ಎಂದು ಗೆಳೆಯರಿಗೆ ಹಂಚಿದೆ, ಇಲ್ಲವೇ ಲಕೋಟೆಯಲ್ಲೇ ಬಿಟ್ಟೆ.

ಪತ್ರಗಳನ್ನೂ ನಾನು ಹಾಗೆಯೇ ಕಂಡಿದ್ದೆ. ಸಲಾಮ್, ಇಲ್ಲಿ ಎಲ್ಲ ಖೈರಿಯತ್, ಚಳಿ ಜೋರಾಗಿದೆ, ದುಆದಲ್ಲಿ ನೆನಪಿಡಿ. ಆಟಕ್ಕೆ ಹೊರಡುವ ಆತುರದಲ್ಲಿ ನಡುವಿನ ಸಾಲುಗಳನ್ನು ಹಾರಿಸಿ, “ಬಾಕಿ ಎಲ್ಲ ಹೋದ ತಿಂಗಳಿನದೇ ನಾನಿ” ಎಂದು ಮುಗಿಸಿಬಿಡುತ್ತಿದ್ದೆ. ನಾನಿ ಬೈಯುತ್ತಿರಲಿಲ್ಲ. ಕಾಗದವನ್ನು ಕೈಗೆ ತೆಗೆದುಕೊಂಡು, ಹಿಂದೆ ಮುಂದೆ ತಿರುಗಿಸಿ ನೋಡಿ, “ಇಷ್ಟೆಲ್ಲ ಬರೆದಿದ್ದಾನಲ್ಲ ಬೇಟಾ” ಎನ್ನುತ್ತಿದ್ದರು.

ನಾನಿ ತೀರಿಕೊಂಡು ಬಹಳ ವರ್ಷಗಳಾದವು. ಕಳೆದ ವರ್ಷ ಮಾಮು ಕೂಡ ಹೋದರು. ಅವರ ಸಾವಿನ ಸುದ್ದಿ ಬಂದ ವಾರ ನಾನಿಯ ಹಳೆಯ ಟ್ರಂಕು ತೆರೆದಾಗ ಬಟ್ಟೆಯ ಗಂಟಿನಲ್ಲಿ ಹದಿನಾಲ್ಕು ಲಕೋಟೆಗಳು ಸಿಕ್ಕವು. ಎಲ್ಲದರ ಮೇಲೂ ಅದೇ ಬಾವುಟ. ಅಂಚೆಚೀಟಿಯ ಹುಚ್ಚು ನನ್ನನ್ನು ಇನ್ನೂ ಬಿಟ್ಟಿಲ್ಲ. ಅಂಚಿನ ಹಲ್ಲು ಅಳೆಯುವ ಪಟ್ಟಿಯನ್ನು ತಂದು ಕುಳಿತೆ.

ಈ ಅಳತೆಯ ಲೆಕ್ಕ ಸರಳ. ಎರಡು ಸೆಂಟಿಮೀಟರ್ ಉದ್ದದಲ್ಲಿ ಎಷ್ಟು ರಂಧ್ರಗಳಿವೆ ಎಂದು ಎಣಿಸುವುದು. ಪ್ಯಾರಿಸ್ಸಿನ ಡಾಕ್ಟರ್ ಲೆಗ್ರಾಂ 1866ರಲ್ಲಿ ಹಾಕಿಕೊಟ್ಟ ಈ ಪದ್ಧತಿಯನ್ನೇ ಸಂಗ್ರಾಹಕರು ಇಂದಿಗೂ ಬಳಸುತ್ತಾರೆ. ಮಾಮು ಹಚ್ಚುತ್ತಿದ್ದವು ಸುರುಳಿ ಚೀಟಿಗಳು. ರಿಬ್ಬನ್ನಿನಂತೆ ಸುತ್ತಿಟ್ಟು ಮಾರುವ ಇವುಗಳ ಮೇಲಿನ ಮತ್ತು ಕೆಳಗಿನ ಅಂಚು ನೇರವಾಗಿದ್ದು, ಎಡಬಲದಲ್ಲಿ ಮಾತ್ರ ಹಲ್ಲುಗಳಿರುತ್ತವೆ. ಅಮೆರಿಕದ ಅಂಚೆ ಇಲಾಖೆ 1908ರಲ್ಲಿ ಇಂಥವನ್ನು ಹೊರತಂದಾಗ ಹಲ್ಲಿನ ಅಳತೆ 12 ಇತ್ತು. ರಂಧ್ರಗಳು ಒತ್ತೊತ್ತಾಗಿದ್ದರಿಂದ ಸುರುಳಿ ಬೇಗ ಹರಿದುಹೋಗುತ್ತಿತ್ತು. 1910ರಲ್ಲಿ ಎಂಟೂವರೆಗೆ ಇಳಿಸಿದರು. ಆಗ ಒಂದರಿಂದ ಒಂದನ್ನು ಬಿಡಿಸುವುದೇ ಕಷ್ಟವಾಯಿತು. 1914ರಲ್ಲಿ 10ಕ್ಕೆ ಬಂದು ನಿಂತರು. ಒಂದನ್ನೊಂದು ಎಷ್ಟು ಬಿಗಿಯಾಗಿ ಹಿಡಿದಿರಬೇಕು, ಎಷ್ಟು ಸುಲಭವಾಗಿ ಬಿಡಬೇಕು ಎಂದು ಕಂಡುಕೊಳ್ಳಲು ಅವರಿಗೆ ಆರು ವರ್ಷ ಹಿಡಿಯಿತು.

ನನ್ನ ಮುಂದಿದ್ದ ಬಾವುಟಗಳಲ್ಲಿ ಕೆಲವು ಹಿಂದೆ ಅಂಟು ಇದ್ದು, ನೀರೋ ಎಂಜಲೋ ಸವರಿ ಹಚ್ಚುವಂಥವು. ಅವುಗಳ ಅಂಚಿನಲ್ಲಿ ದುಂಡು ರಂಧ್ರದ ಗುರುತು, ಅಳತೆ 9.8. ಉಳಿದವು ಸ್ಟಿಕರ್‌ನಂತೆ ಸುಲಿದು ಹಚ್ಚುವಂಥವು. ಅವಕ್ಕೆ ರಂಧ್ರವೇ ಇಲ್ಲ. ಅಲಗಿನಿಂದ ಅಲೆಅಲೆಯಾಗಿ ಕತ್ತರಿಸಿ ಹಲ್ಲಿನ ರೂಪ ಕೊಟ್ಟಿದ್ದಾರೆ. ಹರಿಯುವ ಅಗತ್ಯ ತಪ್ಪಿದರೂ ಅಂಚೆಚೀಟಿ ಅಂಚೆಚೀಟಿಯಂತೆಯೇ ಕಾಣಬೇಕಲ್ಲ! ಬೇರೆ ಬೇರೆ ಮುದ್ರಕರು ಬೇರೆ ಬೇರೆ ಯಂತ್ರಗಳಲ್ಲಿ ಕತ್ತರಿಸಿದ್ದರಿಂದ ಈ ಅಲೆಗಳ ಅಳತೆಯೂ ಬೇರೆ ಬೇರೆ. ಕ್ಯಾಟಲಾಗಿನಲ್ಲಿ 8.7, 9.8, 10.9, 11.5 ಎಂದು ನಾಲ್ಕು ಅಳತೆಗಳಿವೆ. ಅವುಗಳಲ್ಲಿ ಮೂರು ಆ ಗಂಟಿನಲ್ಲೇ ಇದ್ದವು. ಎಲ್ಲವೂ ಒಂದೇ ಎಂದು ನಾನು ಹಂಚಿದ್ದು ಇವನ್ನೇ.

ಅಳೆದು ಮುಗಿದ ಮೇಲೆ ಒಳಗಿನ ಕಾಗದಗಳನ್ನು ತೆಗೆದೆ. ಒಂದು ಸಾಲನ್ನೂ ಬಿಡದೆ ಓದಿದ್ದು ಅದೇ ಮೊದಲು. 11.5ರ ಅಂಚಿನ ಚೀಟಿಗಳಿದ್ದ ಲಕೋಟೆಯೊಂದರಲ್ಲಿ, 1996ರ ಡಿಸೆಂಬರಿನ ಪತ್ರ. ಚಳಿಗೂ ದುಆಕ್ಕೂ ನಡುವೆ ಮಾಮು ಬರೆದಿದ್ದರು: ಕೆಲಸ ಹೋಗಿ ಎರಡು ತಿಂಗಳಾಯಿತು, ರಾತ್ರಿ ಪಾಳಿಯಲ್ಲಿ ಪೆಟ್ರೋಲ್ ಬಂಕಿನಲ್ಲಿ ನಿಲ್ಲುತ್ತಿದ್ದೇನೆ, ಈ ಸಲ ಹಣ ಕಳಿಸಲಾಗುತ್ತಿಲ್ಲ. ಕೋಪ ಮಾಡಿಕೊಳ್ಳಬೇಡಿ ಅಮ್ಮಿ, ಒಂದೆರಡು ಮಾತು ಬರೆಸಿ ಕಳಿಸಿ, ಧೈರ್ಯವಾಗುತ್ತದೆ.

ಆ ಪತ್ರಕ್ಕೆ ಉತ್ತರ ಬರೆದವನೂ ನಾನೇ. ನಾನಿ ಹೇಳುತ್ತಿದ್ದರು, ನಾನು ಬರೆಯುತ್ತಿದ್ದೆ. ಏನು ಬರೆಸಿದರೆಂಬುದು ಇಂದಿಗೂ ನೆನಪಿದೆ. ಇಲ್ಲಿ ಎಲ್ಲ ಖೈರಿಯತ್, ಈ ಸಲ ಹಣ ಬಂದಿಲ್ಲ, ಮರೆತೆಯಾ ಮಗನೇ?

ಮುಂದಿನ ಪತ್ರವನ್ನು ತೆರೆದೆ. ಸಲಾಮ್, ಖೈರಿಯತ್, ಹಣ ಕಳಿಸಿದ್ದೇನೆ, ದುಆದಲ್ಲಿ ನೆನಪಿಡಿ. ಕೆಲಸದ ಮಾತಿಲ್ಲ, ಬಂಕಿನ ಮಾತಿಲ್ಲ. ಅದರ ನಂತರದ್ದನ್ನೂ, ಕೊನೆಯದನ್ನೂ ಓದಿದೆ. ಅಲ್ಲಿಂದ ಮುಂದಿನ ಪತ್ರಗಳು ನಿಜವಾಗಿಯೂ ಒಂದೇ ಥರ ಇವೆ.